ಇರಬಾರದ ಗೆರೆ

ದೇವರ ಹಿಪ್ಪರಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅವತ್ತು ಹಾಲು ತೀರಿತ್ತು. ಸಂತೆಯ ದಿನ, ಗಿರಾಕಿಗಳು ಹೆಚ್ಚು. ಅಂಗಡಿಯವನು ಮೇಲಿನ ಹಲಗೆಯಿಂದ ಹಾಲಿನ ಪುಡಿಯ ಪಾಕೀಟು ತೆಗೆದು, ಮೂಲೆಯನ್ನು ಹಲ್ಲಿನಿಂದ ಹರಿದು, ಬಿಸಿನೀರಿನ ಪಾತ್ರೆಗೆ ಸುರಿದ. ಪುಡಿ ನೀರಿಗೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಹಳೆಯ ಹಿಟ್ಟಿನಂತೆ… ಆ ವಾಸನೆಗೆ ನನಗೆ ಚಹಾ ನೆನಪಾಗುವುದಿಲ್ಲ. ಲ್ಯಾಬು ನೆನಪಾಗುತ್ತದೆ, ಲ್ಯಾಬಿನ ಹಿಂದೆಯೇ ಆಪಾ.

ಲ್ಯಾಬಿನಲ್ಲಿ ಹಾಲಿನ ಪುಡಿಗೆ ಏನು ಕೆಲಸ ಎಂದು ಮನೆಯಲ್ಲಿ ಎಷ್ಟೋ ಸಲ ಕೇಳಿದ್ದಾರೆ. ಎಲೆಯನ್ನು ಅರೆದು, ಅದರೊಳಗಿನ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಒಂದು ತೆಳ್ಳನೆಯ ಬಿಳಿ ಹಾಳೆಗೆ ಇಳಿಸುತ್ತೇವೆ. ಹಾಳೆಯಲ್ಲಿ ಸಾವಿರಾರು ಪ್ರೋಟೀನುಗಳಿರುತ್ತವೆ, ಕಣ್ಣಿಗೆ ಒಂದೂ ಕಾಣುವುದಿಲ್ಲ. ನಮಗೆ ಬೇಕಾದ ಒಂದನ್ನು ಮಾತ್ರ ಹುಡುಕಲು ಆ್ಯಂಟಿಬಾಡಿ ಬೇಕು. ಮೈಯೊಳಗೆ ರೋಗಾಣು ಹೊಕ್ಕಾಗ ಅದನ್ನು ಗುರುತು ಹಿಡಿಯಲು ರಕ್ತದಲ್ಲಿ ಹುಟ್ಟುತ್ತದಲ್ಲ, ಆ ಪ್ರತಿಕಾಯವೇ ಇದು. ನಮ್ಮ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತ ಅದಕ್ಕೆ ತಕ್ಕ ಆ್ಯಂಟಿಬಾಡಿ ತಯಾರಿಸುತ್ತದೆ. ಅದನ್ನು ಹಾಳೆಯ ಮೇಲೆ ನೇರವಾಗಿ ಸುರಿದರೆ ಎಲ್ಲೆಂದರಲ್ಲಿ ಅಂಟುತ್ತದೆ. ಅದಕ್ಕಾಗಿ ಮೊದಲು ಹಾಳೆಯನ್ನು ಹಾಲಿನಲ್ಲಿ ನೆನೆಸುವುದು. ಖಾಲಿ ಜಾಗವನ್ನೆಲ್ಲ ಹಾಲು ತುಂಬಿಕೊಂಡ ಮೇಲೆ ಆ್ಯಂಟಿಬಾಡಿ ತನಗೆ ಗುರುತಿರುವುದರ ಮೇಲಷ್ಟೇ ಹೋಗಿ ಕೂಡುತ್ತದೆ. ಅದು ಕುಳಿತ ಕಡೆ ಕೊನೆಗೆ ಒಂದು ಕಪ್ಪು ಗೆರೆ ಕಾಣುತ್ತದೆ. ನಮ್ಮ ಆಗಿನ ದಿನಗಳೆಲ್ಲ ಆ ಗೆರೆಗಾಗಿ ಕಳೆಯುತ್ತಿದ್ದವು.

ಆಪಾ ಇಂಡಿಯವರು. ಮನೆಯಲ್ಲಿ ನಿಂಬೆಯ ತೋಟವಿತ್ತು, ಅಣ್ಣ ನೋಡಿಕೊಳ್ಳುತ್ತಿದ್ದರು. ನಾನು ಸಿಂದಗಿಯವಳು. ನಮ್ಮ ಲ್ಯಾಬು ಇದ್ದದ್ದು ಅಲ್ಲಿಂದ ಅರ್ಧ ದಿನದ ಬಸ್ಸಿನ ದಾರಿಯ ಊರಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ನಾನು ಪಿಎಚ್‌ಡಿಗೆಂದು ಸೇರಿದಾಗ ಆಪಾ ತಮ್ಮದನ್ನು ಮುಗಿಸಿ, ಅಲ್ಲಿಯೇ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದರು. ವಾಚ್‌ಮನ್‌ನಿಂದ ಹಿಡಿದು ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ನನ್ನ ಹೆಸರು ಅವರಿಗೆ ಗೊತ್ತಿತ್ತು, ಆದರೆ ಮೊದಲ ದಿನ ಊರು ಕೇಳಿದವರು ಆಮೇಲೆ ಹೆಸರಿನ ಗೋಜಿಗೆ ಹೋಗಲಿಲ್ಲ.

"ಏ ಸಿಂದಗಿ, ಹಾಲ ಕಲಿಸಿದೇನು?"

"ಕಲಿಸಾಕತ್ತೇನ್ರಿ ಆಪಾ."

"ಗಂಟ ಬಿಟ್ಟಿರಬಾರದು ನೋಡು. ಒಂದ ಗಂಟ ಉಳದ್ರ ಹಾಳಿ ಮ್ಯಾಲೆ ಚುಕ್ಕಿ ಬೀಳತೈತಿ."

ದನಿ ದೊಡ್ಡದು, ಮಾತು ನೇರ. ನಮ್ಮ ಗೈಡ್ ಸರ್ ದಕ್ಷಿಣದ ಕಡೆಯವರು, ಮೆತ್ತಗಿನ ಮನುಷ್ಯ. ಆಪಾ ಮಾಮೂಲಿಯಾಗಿ ಏನೋ ಕೇಳಿದರೂ ಅವರಿಗೆ ಜಗಳಕ್ಕೆ ಬಂದಂತೆ ಕಾಣುತ್ತಿತ್ತು. ಮೊದಮೊದಲು ಹೆದರುತ್ತಿದ್ದರಂತೆ. ಆಮೇಲೆ ಆಪಾನ ಕೈಕೆಲಸ ನೋಡಿ ಲ್ಯಾಬಿನ ಅರ್ಧ ಭಾರವನ್ನು ಅವರ ಮೇಲೆ ಬಿಟ್ಟರು.

ಆಪಾ ಹಿಂದೆ ಬಿದ್ದಿದ್ದ ಪ್ರೋಟೀನು ಜೋಳದ ಎಲೆಯೊಳಗಿನದು. ಜೀವಕೋಶದಲ್ಲಿ ಸಾವಿರಗಟ್ಟಲೆ ಜೀನುಗಳಿದ್ದರೂ ಎಲ್ಲವೂ ಎಲ್ಲ ಹೊತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಕೆಲವು ಪ್ರೋಟೀನುಗಳು ಡಿಎನ್‌ಎ ಮೇಲೆ ಹೋಗಿ ಕುಳಿತಾಗ ಮಾತ್ರ ಆ ಜಾಗದ ಜೀನು ಓದಿಸಿಕೊಳ್ಳುತ್ತದೆ. ಇದು ಅಂಥದ್ದೊಂದು. ಬರ ತಡೆಯುವ ಜೀನುಗಳನ್ನು ಎಬ್ಬಿಸುವುದು ಇದರ ಕೆಲಸ. ವಿಚಿತ್ರವೆಂದರೆ ಗಿಡ ಈ ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತದೆ, ತಯಾರಾದ ಕೂಡಲೇ ಕತ್ತರಿಸಿ ಹಾಕುತ್ತಲೂ ಇರುತ್ತದೆ. ಬೇಡವಾದ ಪ್ರೋಟೀನುಗಳನ್ನು ಚೂರು ಮಾಡುವುದಕ್ಕೆಂದೇ ಜೀವಕೋಶದಲ್ಲಿ ಒಂದು ವ್ಯವಸ್ಥೆ ಇದೆ. ಹಾಗಾದರೆ ಬರ ಬಂದಾಗ ಏನಾಗುತ್ತದೆ? ಆಪಾ ತಮ್ಮ ಪಿಎಚ್‌ಡಿಯಲ್ಲಿ ಉತ್ತರ ಕೊಟ್ಟಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಈ ಕತ್ತರಿಸುವ ಕೆಲಸ ನಿಲ್ಲುತ್ತದೆ, ಪ್ರೋಟೀನು ಉಳಿದುಕೊಂಡು ಜೀನುಗಳನ್ನು ಎಬ್ಬಿಸುತ್ತದೆ. ಸಾಕ್ಷಿ ಆ ಕಪ್ಪು ಗೆರೆ. ಬೆಳಿಗ್ಗೆ ತೆಳು, ಮಧ್ಯಾಹ್ನ ದಪ್ಪ. ಅದು ಒಳ್ಳೆಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಸರ್ ಅದರ ಮೇಲೆ ದೊಡ್ಡ ಯೋಜನೆಯೊಂದನ್ನು ತಂದಿದ್ದರು. ನಾನು ಸೇರಿದ್ದೂ ಅದೇ ಯೋಜನೆಗೆ.

ಆಗ ನಾವು ವಿಜಯಪುರ ಸೀಮೆಯ ಹೊಲಗಳಿಗೆ ಜೀಪಿನಲ್ಲಿ ಹೋಗುತ್ತಿದ್ದೆವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಎಲೆ ಕಿತ್ತ ಕೆಲವೇ ನಿಮಿಷಗಳಲ್ಲಿ ಒಳಗಿನ ಪ್ರೋಟೀನು ಕರಗತೊಡಗುತ್ತದೆ, ಅದಕ್ಕೆ ಹೊಲದ ಬದುವಿನಲ್ಲಿಯೇ ಅದನ್ನು ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ಕ್ಯಾನಿನ ಮುಚ್ಚಳ ತೆರೆದರೆ ಬಿಳಿ ಹೊಗೆ ನೆಲಕ್ಕೆ ಇಳಿಯುತ್ತದೆ. ಅಂಥ ಕ್ಯಾನನ್ನು ಹಳ್ಳಿಯವರು ನೋಡಿರುವುದು ಆಕಳಿಗೆ ಗರ್ಭ ಕಟ್ಟಿಸಲು ಬರುವ ದನದ ಆಸ್ಪತ್ರೆಯವರ ಕೈಯಲ್ಲಿ.

ಮುದ್ದೇಬಿಹಾಳದ ಹತ್ತಿರ ಒಂದು ಹೊಲದಲ್ಲಿ ರೈತರೊಬ್ಬರು ನಮ್ಮನ್ನು ನೋಡಿ ಓಡೋಡಿ ಬಂದಿದ್ದರು.

"ದನದ ದವಾಖಾನಿಯವ್ರ ಏನ್ರಿ? ನಮ್ಮ ಆಕಳ ಬೆದಿಗಿ ಬಂದೈತ್ರಿ, ಸ್ವಲ್ಪ ಮನೀ ತನಕ ಬರ್ರಲ್ಲ."

ಆಪಾ ನಗಲಿಲ್ಲ. "ನಾವು ದನದವ್ರಲ್ರಿ ಕಾಕಾ, ಜ್ವಾಳದವ್ರು. ಇದರಾಗ ಬರೇ ಎಲಿ ಅದಾವು."

"ಎಲಿ ಯಾಕ ಥಂಡ್ಯಾಗ ಇಡ್ತೀರಿ?"

"ಎಲ್ಯಾಗೊಂದು ಸಾಮಾನು ಐತ್ರಿ. ಬಿಟ್ರ ಕರಗಿ ಹೋಗತೈತಿ. ಅದು ಎಷ್ಟೈತಿ ನೋಡಬೇಕು."

"ಅದನ್ನ ನೋಡಿದ್ರ ಜ್ವಾಳ ಹೆಚ್ಚಿಗಿ ಬೆಳೀತೈತೇನು?"

"ಈಗಂತೂ ಇಲ್ರಿ," ಅಂದರು ಆಪಾ. "ಮುಂದ ಯಾರಾರ ಬೆಳಸ್ಯಾರು."

ಆ ರೈತರಿಗೆ ಉತ್ತರ ಒಪ್ಪಿಗೆಯಾಯಿತೋ ಇಲ್ಲವೋ. ಆದರೆ ಸೀತನಿ ತಿಂದೇ ಹೋಗಬೇಕೆಂದು ಕೂಡಿಸಿದರು. ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಬೊಗಸೆಗೆ ಹಾಕಿಕೊಟ್ಟರು. ಆಪಾ ಜೋಳಿಗೆಯಿಂದ ನಿಂಬೆಹಣ್ಣು ತೆಗೆದು ಅದರ ಮೇಲೆ ಹಿಂಡಿದರು. ಯಾವ ಊರಿಗೆ ಹೋದರೂ ಅವರ ಜೋಳಿಗೆಯಲ್ಲಿ ಇಂಡಿಯ ನಿಂಬೆ ಇರುತ್ತಿತ್ತು…

ನನ್ನ ಪಾಲಿನ ಕೆಲಸ ಇನ್ನೊಂದು. ಆ ಪ್ರೋಟೀನು ಯಾವ ಯಾವ ಜೀನುಗಳ ಮೇಲೆ ಹೋಗಿ ಕೂಡುತ್ತದೆ ಎಂದು ಹುಡುಕುವುದು. ಅದಕ್ಕೂ ಅದೇ ಆ್ಯಂಟಿಬಾಡಿ. ಪ್ರೋಟೀನು ಡಿಎನ್‌ಎ ಮೇಲೆ ಕುಳಿತ ಹಾಗೆಯೇ ಅದನ್ನು ಬಿಗಿದು, ಆ್ಯಂಟಿಬಾಡಿಯಿಂದ ಹಿಡಿದು ಎಳೆದರೆ ಡಿಎನ್‌ಎ ಚೂರೂ ಜೊತೆಗೆ ಬರುತ್ತದೆ. ಆ ಚೂರನ್ನು ಓದಿದರೆ ಜೀನು ಯಾವುದೆಂದು ತಿಳಿಯುತ್ತದೆ. ಹೇಳಲು ಸುಲಭ. ನನ್ನ ಬಲೆಗೆ ಬರುತ್ತಿದ್ದ ಚೂರುಗಳು ಮಾತ್ರ ಪ್ರತಿ ಸಲವೂ ಬೇರೆ ಬೇರೆ. ಒಂದಕ್ಕೊಂದು ತಾಳೆಯಿಲ್ಲ. ಎರಡು ಹಿಂಗಾರು ಹೀಗೇ ಕಳೆದವು. ಕೈ ಸರಿಯಿಲ್ಲ ಎಂದು ಸರ್ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಅಂದುಕೊಂಡಿದ್ದೆ.

ಒಂದು ದಿನ ಆಪಾ ನನ್ನ ಬೆಂಚಿನ ಪಕ್ಕ ಬಂದು ನಿಂತರು.

"ನಿನ್ನ ಕೈ ನಾ ನೋಡೇನಿ. ಅದರಾಗ ತಪ್ಪಿಲ್ಲ," ಅಂದರು. "ಆ್ಯಂಟಿಬಾಡೀನ ಒಮ್ಮಿ ಪರೀಕ್ಷಾ ಮಾಡೂಣು."

ಆ ಆ್ಯಂಟಿಬಾಡಿ ಆಪಾ ಬರುವ ಮೊದಲೇ ಲ್ಯಾಬಿನಲ್ಲಿತ್ತು. ಯಾರೋ ಹಿಂದಿನವರು ಮೊಲದಿಂದ ತೆಗೆದದ್ದು. ಎಲ್ಲರೂ ಅದನ್ನು ನಂಬಿದ್ದರು, ಆಪಾನೂ. ಪರೀಕ್ಷಿಸಲು ಸರಿಯಾದ ದಾರಿ ಒಂದೇ. ಆ ಪ್ರೋಟೀನೇ ಇಲ್ಲದ ಗಿಡವನ್ನು ತಂದು ಅದರ ಎಲೆಯನ್ನು ಹಾಳೆಗೆ ಇಳಿಸಬೇಕು. ಅಲ್ಲಿ ಗೆರೆ ಬರಬಾರದು. ಆಪಾ ಪಿಎಚ್‌ಡಿ ಮಾಡುವ ಕಾಲಕ್ಕೆ ಅಂಥ ಜೋಳ ಎಲ್ಲಿಯೂ ಸಿಗುತ್ತಿರಲಿಲ್ಲ. ಈಗ ಬೇರೊಂದು ಊರಿನ ಲ್ಯಾಬಿನವರು ಆ ಜೀನನ್ನು ಕೆಡಿಸಿದ ತಳಿ ಮಾಡಿದ್ದರು. ಆಪಾ ಬೀಜ ತರಿಸಿ, ಮಾಳಿಗೆಯ ಮೇಲೆ ಕುಂಡಗಳಲ್ಲಿ ಬೆಳೆಸಿ, ಮಧ್ಯಾಹ್ನದ ಬಿಸಿಲಿಗೆ ಒಡ್ಡಿ, ತಾವೇ ಎಲೆ ಕಿತ್ತರು.

ಅದೇ ಹೊತ್ತಿಗೆ ಅವರ ಕಾಯಂ ನೌಕರಿಯ ಸಂದರ್ಶನಕ್ಕೆ ಕರೆ ಬಂದಿತ್ತು. ಎಷ್ಟೋ ವರ್ಷಗಳ ಗುತ್ತಿಗೆಯ ನಂತರ ಬಂದ ಕರೆ. ಆ ಪ್ರಕಟಿತ ಪ್ರಬಂಧವೇ ಅದರಲ್ಲಿ ಅವರ ಬಲ.

ಹಾಳೆಯ ಚಿತ್ರ ಕಂಪ್ಯೂಟರಿನ ಮೇಲೆ ಮೂಡಿದಾಗ ನಾವಿಬ್ಬರೇ ಇದ್ದೆವು. ಸಾದಾ ಗಿಡದ ಸಾಲಿನಲ್ಲಿ ದಪ್ಪ ಗೆರೆ. ಪ್ರೋಟೀನೇ ಇಲ್ಲದ ಗಿಡದ ಸಾಲಿನಲ್ಲೂ ಅಷ್ಟೇ ದಪ್ಪ ಗೆರೆ.

ಆಪಾ ಪರದೆಗೆ ಮುಖ ಹತ್ತಿರ ತಂದು ನೋಡಿದರು.

"ಇದು ಇರಬಾರದಿತ್ತು."

"ಬೀಜ ಕಲಬೆರಕಿ ಆಗಿರಬಹುದ್ರಿ ಆಪಾ," ಅಂದೆ.

"ಆಗಿರಬಹುದು. ಬೀಜಾನೂ ನೋಡೂಣು."

ನೋಡಿದೆವು. ಬೀಜ ಸರಿಯಿತ್ತು. ಮತ್ತೆ ಬೆಳೆಸಿದರು, ಮತ್ತೆ ಇಳಿಸಿದರು. ಗೆರೆ ಅಲ್ಲಿಯೇ ಇತ್ತು. ಆ್ಯಂಟಿಬಾಡಿ ಹಿಡಿಯುತ್ತಿದ್ದದ್ದು ಬೇರೆ ಯಾವುದೋ ಪ್ರೋಟೀನನ್ನು. ಗಾತ್ರ ಸುಮಾರು ಒಂದೇ, ಬಿಸಿಲಿಗೆ ಹೆಚ್ಚಾಗುವಂಥದ್ದು, ಅಷ್ಟೇ. ಮಧ್ಯಾಹ್ನದ ಆ ಕತೆ, ಉಳಿದುಕೊಳ್ಳುವ ಪ್ರೋಟೀನು, ಎಲ್ಲವೂ ಆ ಬೇರೊಂದರ ಮೇಲೆ ನಿಂತಿತ್ತು. ನನ್ನ ಎರಡು ಹಿಂಗಾರೂ ಅದರಲ್ಲೇ ಹೋದವು. ನನಗೆ ಆಗ ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಸರ್ ಕೋಣೆಗೆ ಆಪಾ ನನ್ನನ್ನೂ ಕರೆದುಕೊಂಡು ಹೋದರು. ಸರ್ ಚಿತ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಜಿನ ಮೇಲಿದ್ದ ಕನ್ನಡಕದ ಪೆಟ್ಟಿಗೆಯನ್ನು ತೆರೆದು ಮುಚ್ಚುತ್ತಿದ್ದರು.

"ಇಂಟರ್‌ವ್ಯೂ ಮುಗಿಯೋವರೆಗೂ ಸುಮ್ಮನಿರಮ್ಮ," ಅಂದರು. "ಆಮೇಲೆ ಎಲ್ಲರೂ ಕೂತ್ಕೊಂಡು ಪತ್ರಿಕೆಗೆ ಬರೆಯೋಣ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಅಲ್ಲೆ ಈ ಪೇಪರಿನ ಮ್ಯಾಲೇ ಪ್ರಶ್ನಿ ಕೇಳ್ತಾರ್ರಿ ಸರ್. ನಾ ಏನಂತ ಹೇಳ್ಲಿ?"

"ಪೇಪರಲ್ಲಿ ಏನಿದೆಯೋ ಅದನ್ನ ಹೇಳು."

"ಅದು ಖರೇ ಅಲ್ಲಲ್ರಿ."

ಸರ್ ಚಿತ್ರಗಳನ್ನು ಆಪಾನ ಕಡೆ ಸರಿಸಿದರು. ಅವರು ಕೆಟ್ಟವರಲ್ಲ. ಯೋಜನೆ ನಿಂತರೆ ನನ್ನಂಥ ಹಲವರ ಫೆಲೋಶಿಪ್ಪು ನಿಲ್ಲುತ್ತದೆ ಎಂಬುದೂ ಅವರ ತಲೆಯಲ್ಲಿತ್ತು. ಅದನ್ನೂ ಹೇಳಿದರು. ಆಪಾ ನನ್ನ ಕಡೆ ಕೈ ತೋರಿಸಿದರು.

"ಈಕಿ ನೋಡ್ರಿ. ನನ್ನ ಗೆರಿ ನಂಬಿ ಕುಂತಾಳ. ಹಿಂಗ ಇನ್ನೂ ಎಲ್ಲೆಲ್ಲಿ ಯಾರ್‍ಯಾರು ಕುಂತಾರೋ. ನಾ ಇವತ್ತ ಬರೀತೇನ್ರಿ. ನೀವು ಸಹಿ ಮಾಡ್ರಿ, ಬಿಡ್ರಿ."

ಅವತ್ತೇ ಪತ್ರಿಕೆಗೆ ಬರೆದರು. ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕು, ಬಳಸಿದ ಆ್ಯಂಟಿಬಾಡಿ ನಾವು ಹೇಳಿದ ಪ್ರೋಟೀನನ್ನು ಗುರುತಿಸುವುದಿಲ್ಲ, ಇಗೋ ಸಾಕ್ಷಿ, ಎಂದು. ಸರ್ ಒಂದು ವಾರ ತಡೆದು ಸಹಿ ಮಾಡಿದರು. ಮಾಡಿದರು ಎಂಬುದನ್ನೂ ಹೇಳಬೇಕು. ಆದರೆ ಅಂದಿನಿಂದ ಆಪಾ ಅವರೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ನನಗೆ ಅದು ಸ್ವಲ್ಪ ಅತಿಯೆನಿಸಿತ್ತು. ಈಗಲೂ ಹಾಗೆಯೇ ಅನಿಸುತ್ತದೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ಏನೋ ತರಲು ಕೋಲ್ಡ್ ರೂಮಿನ ಬಾಗಿಲು ತೆರೆದೆ. ಲ್ಯಾಬಿನ ತಂಪು ಪದಾರ್ಥಗಳನ್ನು ಇಡುವ, ಫ್ರಿಜ್ಜಿನಂಥದೇ ಕೋಣೆ ಅದು. ಆಪಾ ಒಳಗೆ ಒಂದು ಖಾಲಿ ಡಬ್ಬಿಯ ಮೇಲೆ ದುಪಟ್ಟಾ ಹೊದ್ದು ಕುಳಿತು ಅಳುತ್ತಿದ್ದರು. ಬಾಗಿಲು ಹಾಕಿದರೆ ಹೊರಗೆ ಏನೂ ಕೇಳಿಸುವುದಿಲ್ಲ. ನನ್ನನ್ನು ನೋಡಿ ಮುಖ ಒರೆಸಿಕೊಳ್ಳಲೂ ಇಲ್ಲ.

"ಬಾಗಿಲಾ ಹಾಕು ಸಿಂದಗಿ," ಅಂದರು. "ಥಂಡಿ ಹೊರಗ ಹೋಗತೈತಿ."

ನಾನು ಒಳಗೆ ನಿಂತು ಹಾಕಬೇಕೋ ಹೊರಗೆ ನಿಂತು ಹಾಕಬೇಕೋ ತಿಳಿಯಲಿಲ್ಲ. ಹೊರಗೆ ನಿಂತು ಹಾಕಿದೆ.

ಸಂದರ್ಶನದಲ್ಲಿ ಆ ಪ್ರಬಂಧದ ಮೇಲೆಯೇ ಮೊದಲ ಪ್ರಶ್ನೆ ಬಂತಂತೆ. ಆಪಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಒಬ್ಬ ಹಿರಿಯರು ಮೆಚ್ಚಿ ತಲೆ ತೂಗಿದರಂತೆ. ನೌಕರಿ ಬೇರೊಬ್ಬರಿಗಾಯಿತು. ಗುತ್ತಿಗೆ ಮುಗಿದಾಗ ಮುಂದುವರಿಸಲು ಸರ್ ಸಿದ್ಧರಿದ್ದರು, ಆಪಾ ಒಪ್ಪಲಿಲ್ಲ. ಬಸವನ ಬಾಗೇವಾಡಿಯ ಒಂದು ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ಹೋದರು.

ಹೋಗುವ ಮುಂಚೆ ಒಂದು ಕೆಲಸ ಮಾಡಿಟ್ಟಿದ್ದರು. ಆ ಪ್ರೋಟೀನಿನಲ್ಲಿ ಬೇರೆ ಯಾವುದಕ್ಕೂ ಹೋಲದ ಒಂದು ತುಣುಕನ್ನು ಆರಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಶುದ್ಧ ಮಾಡಿ, ಹೊಸ ಮೊಲಕ್ಕೆ ಚುಚ್ಚಿಸಿದ್ದರು. ಅದರ ರಕ್ತದಿಂದ ತೆಗೆದ, ಹೊಸ ಆ್ಯಂಟಿಬಾಡಿಯಿರುವ ಸೀರಮ್ಮು ಕೈಗೆ ಬರುವ ಹೊತ್ತಿಗೆ ಅವರು ಬಾಗೇವಾಡಿಯಲ್ಲಿದ್ದರು. ನಾನು ಮೊದಲು ಮಾಡಿದ್ದು ಅವರು ಮಾಡಿದ್ದ ಪರೀಕ್ಷೆಯನ್ನೇ. ಪ್ರೋಟೀನೇ ಇಲ್ಲದ ಗಿಡದಲ್ಲಿ ಗೆರೆಯಿಲ್ಲ. ಬಹಳ ಸಂತೋಷವಾಯಿತು. ಆದರೆ ಸಾದಾ ಗಿಡದಲ್ಲೂ ಗೆರೆಯಿಲ್ಲ! ಗಿಡದ ಕತ್ತರಿಸುವ ವ್ಯವಸ್ಥೆಯನ್ನು ತಡೆಯುವ ಮದ್ದು ಹಾಕಿದಾಗ ಮಾತ್ರ ಗೆರೆ ಕಪ್ಪಗೆ ಎದ್ದು ಬಂತು. ಅಂದರೆ ಆ್ಯಂಟಿಬಾಡಿ ಸರಿಯಿದೆ, ಪ್ರೋಟೀನೂ ತಯಾರಾಗುತ್ತಿದೆ, ಗಿಡ ಮಾತ್ರ ಅದನ್ನು ಉಳಿಯಗೊಡುತ್ತಿಲ್ಲ. ಹೊಲದಿಂದ ತಂದ ಮಧ್ಯಾಹ್ನದ ಎಲೆಗಳಲ್ಲಿ, ಎಂಥ ಒಣ ಹೊಲದ್ದಾದರೂ, ಗೆರೆಯ ಸುಳಿವಿಲ್ಲ. ಬರಕ್ಕೂ ಇದಕ್ಕೂ ಸಂಬಂಧವೇ ಇಲ್ಲವೇನೋ ಎಂದುಕೊಂಡೆ.

ಆಪಾಗೆ ಫೋನು ಮಾಡಿದೆ. ಹಿಂದೆ ಹುಡುಗಿಯರ ಗಲಾಟೆ ಕೇಳುತ್ತಿತ್ತು.

"ಮಧ್ಯಾಹ್ನ ಸಿಗವಲ್ತು ಅಂದ್ರ ಮಧ್ಯಾಹ್ನನ ಯಾಕ ಹುಡುಕ್ತಿ?" ಅಂದರು. "ಆ ಹೊತ್ತ ಹಳೇ ಆ್ಯಂಟಿಬಾಡಿ ಹೇಳಿದ್ದು. ಅದನ್ನ ನಾವು ಬಿಟ್ಟೇವಲ್ಲ. ಮುಂಜಾನಿ ಹೋಗು. ದಿನಾಪೂರ್ತಿ ನಿಂದ್ರು."

ನನಗೆ ಹೊಳೆದಿರಲಿಲ್ಲ. ಗೆರೆ ಸುಳ್ಳೆಂದು ಒಪ್ಪಿಕೊಂಡ ಮೇಲೂ ಅದು ಹೇಳಿದ್ದ ಹೊತ್ತಿಗೇ ಹೊಲಕ್ಕೆ ಹೋಗುತ್ತಿದ್ದೆ.

ರಜೆಯ ದಿನ ನೋಡಿ ಬಾಗೇವಾಡಿ ಕಡೆಯ ಮುಳವಾಡಕ್ಕೆ ಹೋದೆವು. ಅಲ್ಲಿ ನಮಗೆ ಒಂದು ಅನುಕೂಲವಿತ್ತು. ಕಾಲುವೆಯ ನೀರು ಹರಿಯುವ ಹೊಲವೂ, ನೀರು ಏರದ ದಿಬ್ಬದ ಹೊಲವೂ ಒತ್ತಿಗೊತ್ತಿಗೇ ಇದ್ದವು. ಆಪಾ ಬಾಗೇವಾಡಿಯಿಂದ ಮೊದಲ ಬಸ್ಸಿಗೆ ಬಂದು ನಮ್ಮ ಜೀಪಿಗಾಗಿ ರಸ್ತೆಯಲ್ಲಿ ಕಾಯುತ್ತಿದ್ದರು. ಶಾಲು ಹೊದ್ದಿದ್ದರು. ಎರೆ ನೆಲ ಬಿರಿದಿತ್ತು, ಎಲೆಗಳ ಮೇಲೆ ಇಬ್ಬನಿ. ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಆಗಾಗ ಎರಡೂ ಹೊಲದ ಎಲೆ ಕಿತ್ತು ಕ್ಯಾನಿಗೆ ಹಾಕಿದೆವು. ನಡುವೆ ಆಪಾ ಕಾಲೇಜಿನ ಸುದ್ದಿ ಹೇಳಿದರು. ಕಪ್ಪೆಯ ಚಿತ್ರ ಬರೆಯಲು ಹೇಳಿದರೆ ಹುಡುಗಿಯರು ಅದಕ್ಕೆ ಕಾಡಿಗೆ ಹಚ್ಚುತ್ತಾರೆಂದು ನಕ್ಕರು. ಲ್ಯಾಬಿನ ಬಗ್ಗೆ ಕೇಳಿದರು, ಮೊಲದ ಬಗ್ಗೆ ಕೇಳಿದರು. ಸರ್ ಬಗ್ಗೆ ಕೇಳಲಿಲ್ಲ.

"ಇಲ್ಲೆ ಬೇಸರ ಇಲ್ಲೇನ್ರಿ ಆಪಾ?" ಎಂದೆ.

"ಬೇಸರ ಐತಿ," ಅಂದರು. "ಪಾಠಾ ಮಾಡುವಾಗ ಇರೂದಿಲ್ಲ. ಸಂಜಿಕ್ಕ ಬರತೈತಿ." ಕ್ಯಾನಿನ ಮುಚ್ಚಳ ಹಾಕುತ್ತ, "ಆ ದೊಡ್ಡ ಸೆಂಟ್ರಿಫ್ಯೂಜ್ ಮಶೀನು ತಿರುಗೂ ಸಪ್ಪಳ ಕೇಳಬೇಕು ಅನಸತೈತಿ. ಯಾರಿಗರ ಹೇಳಿದ್ರ ನಗತಾರ," ಅಂದರು.

ಗೆರೆ ಸಿಕ್ಕಿತು. ಮಧ್ಯಾಹ್ನದ್ದಲ್ಲ. ಹೊತ್ತು ಮೂಡಿದ ಮೇಲೆ, ಬಿಸಿಲು ಏರುವ ಮುಂಚೆ, ದಿಬ್ಬದ ಒಣ ಹೊಲದ ಎಲೆಗಳಲ್ಲಿ ಮಾತ್ರ ಸ್ವಲ್ಪ ಕಾಲ ಕಾಣಿಸಿಕೊಂಡು ಹೋಗುತ್ತಿತ್ತು. ನೀರಿರುವ ಹೊಲದಲ್ಲಿ ಯಾವ ಹೊತ್ತಿನಲ್ಲೂ ಇಲ್ಲ. ಬಾಯಾರಿದ ಗಿಡ ಬಿಸಿಲು ಬರುವ ಮೊದಲೇ ಕತ್ತರಿಸುವುದನ್ನು ನಿಲ್ಲಿಸಿ, ಜೀನುಗಳನ್ನು ಎಬ್ಬಿಸಿ, ಮಧ್ಯಾಹ್ನದ ಹೊತ್ತಿಗೆ ಪ್ರೋಟೀನನ್ನು ಅಳಿಸಿ ಹಾಕುತ್ತಿತ್ತು. ನಾವು ಹಿಂದೆ ಬರೆದದ್ದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ಹಾಳೆಯ ಚಿತ್ರವನ್ನು ಫೋನಿನಲ್ಲಿ ಆಪಾಗೆ ಕಳಿಸಿದೆ. ಕೂಡಲೇ ಉತ್ತರ ಬಂತು.

"ಛಲೋ ಐತಿ. ಮತ್ತೊಮ್ಮಿ ಮಾಡು."

ಮತ್ತೊಮ್ಮೆ ಮಾಡಿದೆ. ಮುಂದಿನ ಹಿಂಗಾರಿನಲ್ಲಿ ಇನ್ನೊಮ್ಮೆ ಮಾಡಿದೆವು, ಆಪಾ ಆಗಲೂ ಬಂದಿದ್ದರು. ಹೊಸ ಆ್ಯಂಟಿಬಾಡಿಯಿಂದ ಡಿಎನ್‌ಎ ಎಳೆದಾಗ ಚೂರುಗಳು ಒಂದಕ್ಕೊಂದು ತಾಳೆಯಾದವು. ನನ್ನ ಪಿಎಚ್‌ಡಿ ಮುಗಿಯಿತು. ಪ್ರಬಂಧ ಬರೆಯಲು ಕುಳಿತೆವು. ಆಪಾ ತಿದ್ದಿ ತಿದ್ದಿ ಕಳಿಸುತ್ತಿದ್ದರು. "ಖಂಡಿತವಾಗಿ" ಎಂಬ ಪದ ಎಲ್ಲಿದ್ದರೂ ಹೊಡೆದು ಹಾಕುತ್ತಿದ್ದರು.

ಕೊನೆಯ ಸಲದ ತಿದ್ದುಪಡಿ ಬರಲಿಲ್ಲ. ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ, ಬೆಳಿಗ್ಗೆ ಕಾಲೇಜಿಗೆ ಹೊರಟವರು ತಲೆ ನೋವೆಂದು ಬೆಂಚಿನ ಮೇಲೆ ಕುಳಿತರಂತೆ. ಅಲ್ಲಿಯೇ ಒರಗಿದರಂತೆ. ಜೊತೆಗಿದ್ದ ಶಿಕ್ಷಕಿ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಒಯ್ದರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೂರನೆಯ ದಿನ ಹೋದರು. ಮಣ್ಣು ಕೊಡುವ ದಿನ ನಾನು ಇಂಡಿಗೆ ಹೋಗಿದ್ದೆ. ಹೆಂಗಸರು ಒಳಮನೆಯಲ್ಲಿ ಕುಳಿತಿದ್ದರು, ನಾನೂ ಅವರೊಡನೆ ಕುಳಿತೆ. ಬಾಗೇವಾಡಿಯ ಹುಡುಗಿಯರು ಒಂದು ಟೆಂಪೋ ತುಂಬ ಬಂದಿದ್ದರು. ಹೊರಗೆ ಬೇವಿನ ಗಿಡದ ಕೆಳಗೆ ಸರ್ ನಿಂತಿದ್ದದ್ದನ್ನು ಕಿಟಕಿಯಿಂದ ಕಂಡೆ. ಅಷ್ಟು ದೂರದಿಂದ ಬಂದಿದ್ದರು. ಹಿಂದಿರುಗುವಾಗ ನನ್ನನ್ನು ಕೇಳಿದರು.

"ನನ್ನ ಬಗ್ಗೆ ಯಾವತ್ತಾದ್ರೂ ಏನಾದ್ರೂ ಅಂದಿದ್ರಾ?"

"ಇಲ್ರಿ ಸರ್," ಅಂದೆ. ಅದು ನಿಜವೇ ಆಗಿತ್ತು.

ಪ್ರಬಂಧ ಪ್ರಕಟವಾಗಲು ಮತ್ತೆ ವರ್ಷವೇ ಹಿಡಿಯಿತು. ಲೇಖಕರಲ್ಲಿ ಮೊದಲ ಹೆಸರು ಆಪಾನದು. ಹಾಗಿರಲಿ ಎಂದು ಮೊದಲು ಹೇಳಿದವರು ಸರ್. ತೀರಿಕೊಂಡ ಲೇಖಕರ ಹೆಸರಿನ ಪಕ್ಕ ಒಂದು ಗುರುತು ಹಾಕುವುದು ಪತ್ರಿಕೆಗಳ ಪದ್ಧತಿ. ಈ ಪತ್ರಿಕೆಯವರು ನಕ್ಷತ್ರ ಹಾಕುತ್ತಾರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಅದರ ಅರ್ಥ ಕೊಡುತ್ತಾರೆ.

ಮೊನ್ನೆ ಹಿಪ್ಪರಗಿಯಲ್ಲಿ ನಾನು ಬಸ್ಸು ಕಾಯುತ್ತಿದ್ದದ್ದು ಇಂಡಿಗೆ ಹೋಗಲು, ಅದರ ಪ್ರತಿಯೊಂದನ್ನು ಆಪಾನ ಅಣ್ಣನಿಗೆ ಕೊಡಲು. ಅವರು ತೋಟದ ಶೆಡ್ಡಿನಲ್ಲಿ ನಿಂಬೆಕಾಯಿ ಆರಿಸಿ ಚೀಲಕ್ಕೆ ತುಂಬಿಸುತ್ತಿದ್ದರು. ನನ್ನನ್ನು ಕಂಡು ಎದ್ದು, ಕೈ ತೊಳೆದು, ಹೆಗಲ ಮೇಲಿನ ಟವೆಲಿಗೆ ಒರೆಸಿಕೊಂಡು ಹಾಳೆಗಳನ್ನು ತೆಗೆದುಕೊಂಡರು. ಇಂಗ್ಲಿಷು ಅವರಿಗೆ ಬರುವುದಿಲ್ಲ. ಚಿತ್ರಗಳನ್ನು ನೋಡಿದರು, ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿದರು.

"ಇದರ ಸಲುವಾಗಿ ಏನ್ರಿ ಅಕಿ ಅಷ್ಟ ವರ್ಷ ಕುಂತಿದ್ದು?"

"ಹೌದ್ರಿ ಅಣ್ಣಾರ. ಇದರ ಸಲುವಾಗಿನ."

"ಅಕಿ ಹೆಸರ ಎಲ್ಲೈತಿ?"

ತೋರಿಸಿದೆ. ಹೆಸರಿನ ಮೇಲೆ ಬೆರಳಿಟ್ಟರು. ಆಮೇಲೆ ಬೆರಳು ಸರಿಸಿ ಪಕ್ಕದ ಗುರುತನ್ನು ನೋಡಿದರು.

"ಇದೇನ್ರಿ ತಂಗಿ, ಚಿಕ್ಕಿ? ಅಕೀ ಹೆಸರಿಗಷ್ಟ ಹಾಕ್ಯಾರ. ಮೊದಲನೇ ನಂಬರ್ ಅಂತೇನು?"

ಹೌದು ಎನ್ನಬಹುದಿತ್ತು. ಆಪಾ ಎದುರಿಗಿದ್ದರೆ ಹೌದು ಎನ್ನಲು ಬಿಡುತ್ತಿರಲಿಲ್ಲ.

"ಅಲ್ರಿ. ತೀರಿಕೊಂಡವ್ರ ಹೆಸರಿಗಿ ಹಾಕ್ತಾರ್ರಿ ಅದನ್ನ."

ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. ಕೂಲಿಯ ಹೆಂಗಸರು ಕಾಯಿ ಆರಿಸುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

"ತೆಗಸಾಕ ಬರೂದಿಲ್ಲೇನ್ರಿ ಇದನ್ನ?"

"ಬರೂದಿಲ್ರಿ ಅಣ್ಣಾರ," ಅಂದೆ.